ಜಾನ್ ಕಾನ್‌ಸ್ಟಂಟೈನ್: ಯಾವ ಮಾಂತ್ರಿಕನಿಂದ ಆರಂಭಿಸಬೇಕು?

ಈ ಮಾಂತ್ರಿಕನ ಹೆಸರನ್ನು ಕನ್ನಡದಲ್ಲಿ ಬರೆಯಲು ಹೊರಟವರು ಮೊದಲ ಸಾಲಿನಲ್ಲೇ ಪಕ್ಷ ವಹಿಸಬೇಕಾಗುತ್ತದೆ. 2005ರ ಸಿನಿಮಾದಲ್ಲಿ ಮತ್ತು 2014ರ ಟಿವಿ ಧಾರಾವಾಹಿಯಲ್ಲಿ ಅವನು ‘ಕಾನ್‌ಸ್ಟಂಟೀನ್’. ಅವನನ್ನು ಹುಟ್ಟುಹಾಕಿದ ಕಾಮಿಕ್ಸ್‌ನಲ್ಲಿ ಅವನು ‘ಕಾನ್‌ಸ್ಟಂಟೈನ್’. ಇಂಗ್ಲಿಷಿನ ಕಾಗುಣಿತ ಮುಚ್ಚಿಟ್ಟುಕೊಳ್ಳುವ ಈ ವ್ಯತ್ಯಾಸವನ್ನು ನಮ್ಮ ಲಿಪಿ ಬಿಚ್ಚಿಡುತ್ತದೆ. ನಾನು ‘ಟೈನ್’ ಪಕ್ಷದವನು. ಮೊದಲು ಸಿನಿಮಾ ನೋಡಿ, ಆಮೇಲೆ ಕಾಮಿಕ್ಸ್‌ಗೆ ಬಂದು, ಕೊನೆಗೆ ಅಲ್ಲಿಯೇ ಉಳಿದುಕೊಂಡವನು. ಆದರೆ ಎಲ್ಲರೂ ನನ್ನ ದಾರಿಯಲ್ಲೇ ಬರಬೇಕೆಂದಿಲ್ಲ. ಮುನ್ನೂರು ಸಂಚಿಕೆಗಳ ಒಂದು ಕಾಮಿಕ್ಸ್ ಸರಣಿ, ಅದರ ನಂತರ ಬಂದ ಸರಣಿಗಳು, ಒಂದು ಸಿನಿಮಾ, ಹದಿಮೂರು ಕಂತುಗಳ ಒಂದು ಧಾರಾವಾಹಿ, ಇನ್ನೊಂದು ಧಾರಾವಾಹಿಯಲ್ಲಿ ಹಲವು ವರ್ಷಗಳ ಪಾತ್ರ, ಕೆಲವು ಅನಿಮೇಷನ್ ಚಿತ್ರಗಳು, ಇವೆಲ್ಲ ಒಟ್ಟಿಗೆ ಎದುರು ನಿಂತಾಗ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬ ಗೊಂದಲ ಸಹಜ.

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರ ಮನಸ್ಸಿನಲ್ಲಿ ಕಾಮಿಕ್ಸ್‌ನ ಮಾಂತ್ರಿಕ ಎಂದರೆ ಮಾಂಡ್ರೇಕ್. ತಲೆಯ ಮೇಲೆ ಎತ್ತರದ ಟೋಪಿ, ಹೆಗಲಿಗೆ ಮೇಲಂಗಿ, ಕೈ ಬೀಸಿದರೆ ಎದುರಾಳಿಯ ಪಿಸ್ತೂಲು ಬಾಳೆಹಣ್ಣು. 1934ರಲ್ಲಿ ಬಂದ ಆ ಅಚ್ಚಿನಲ್ಲೇ ಅಮೆರಿಕದ ಕಾಮಿಕ್ಸ್ 1938ರಲ್ಲಿ ಜಟಾರಾ ಎಂಬ ಮಾಂತ್ರಿಕನನ್ನು ತಂದಿತು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಅದೇ ಸಂಚಿಕೆಯಲ್ಲಿ ಅವನೂ ಇದ್ದ. ಕಾನ್‌ಸ್ಟಂಟೈನ್ ಈ ವಂಶದವನಲ್ಲ. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಕಾರ್ಮಿಕ ಕುಟುಂಬದ ಹುಡುಗ, ಒಂದು ಕಾಲದ ಪಂಕ್ ಹಾಡುಗಾರ, ಸುಕ್ಕಾದ ಮಳೆಕೋಟು, ಸಡಿಲವಾದ ಟೈ, ಬಾಯಲ್ಲಿ ಸದಾ ಸಿಗರೇಟು. ಅವನ ನಿಜವಾದ ಆಯುಧ ಮಂತ್ರವಲ್ಲ, ಮಾತು. ದೆವ್ವವನ್ನು ಓಡಿಸುವುದಕ್ಕಿಂತ ದೆವ್ವಕ್ಕೆ ಟೋಪಿ ಹಾಕುವುದು ಅವನಿಗೆ ಸುಲಭ.

ಇಲ್ಲಿ ನಾನು ಎಲ್ಲ ರೂಪಗಳನ್ನೂ ಅಳೆಯುವುದು ಒಂದೇ ಕೋಲಿನಿಂದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತೇವಲ್ಲ, ಜಾನ್‌ನ ಬದುಕಿನಲ್ಲಿ ಆ ಮಾತು ತಲೆಕೆಳಗು. ಮಾಡುವವನು ಅವನು, ಉಣ್ಣುವವರು ಅವನ ಸ್ನೇಹಿತರು. ಅವನ ಮಂತ್ರದ ಬೆಲೆಯನ್ನು ಯಾರು ತೆರುತ್ತಾರೆ, ಎಷ್ಟು ತೆರುತ್ತಾರೆ, ತೆತ್ತ ಮೇಲೆ ಅವನು ಹೇಗೆ ಬದುಕುತ್ತಾನೆ ಎಂಬುದಕ್ಕೆ ಒಂದೊಂದು ರೂಪವೂ ಒಂದೊಂದು ಉತ್ತರ ಕೊಡುತ್ತದೆ. ನಿಮಗೆ ಯಾವ ಉತ್ತರ ಬೇಕು ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ.

ಬಾಟಲಿಯೊಳಗಿನ ಹಸಿವು: ಕಾಮಿಕ್ಸ್ ಮತ್ತು ಟಿವಿ

ಒಂದೇ ಕಥೆಯನ್ನು ಎರಡು ರೂಪಗಳು ಹೇಳಿದ್ದರೆ ಹೋಲಿಕೆ ಸುಲಭ. ಅದೃಷ್ಟಕ್ಕೆ ಅಂಥ ಕಥೆಯೊಂದು ಇದೆ. ‘ಹೆಲ್‌ಬ್ಲೇಜರ್’ ಸರಣಿ, ಅಂದರೆ ಮೇಲೆ ಹೇಳಿದ ಮುನ್ನೂರು ಸಂಚಿಕೆಗಳ ಕಾಮಿಕ್ಸ್, 1988ರ ಜನವರಿಯ ಸಂಚಿಕೆಯೊಂದಿಗೆ ಆರಂಭವಾಯಿತು. ಬರೆದವರು ಜೇಮಿ ಡೆಲಾನೊ, ಚಿತ್ರ ಜಾನ್ ರಿಡ್ಜ್‌ವೇ ಅವರದು. ಮೊದಲ ಸಂಚಿಕೆಯಲ್ಲಿ ಜಾನ್ ಲಂಡನ್ನಿನ ತನ್ನ ಬಾಡಿಗೆ ಕೋಣೆಗೆ ಮರಳಿದಾಗ ಬಚ್ಚಲಿನ ತೊಟ್ಟಿಯಲ್ಲಿ ಹಳೆಯ ಗೆಳೆಯ ಗ್ಯಾರಿ ಲೆಸ್ಟರ್ ಬಿದ್ದಿರುತ್ತಾನೆ. ಮಾದಕ ವಸ್ತುವಿಗೆ ದಾಸನಾದ ದುರ್ಬಲ ಮನುಷ್ಯ. ಮೈತುಂಬ ಹುಳುಗಳು. ನೆಮೊತ್ ಎಂಬ ಹಸಿವಿನ ಭೂತವೊಂದನ್ನು ಬಾಟಲಿಯಲ್ಲಿ ತುಂಬಿ, ಅದನ್ನು ನ್ಯೂಯಾರ್ಕಿಗೆ ಕಳುಹಿಸಿಬಿಟ್ಟಿದ್ದಾನೆ. ಅಲ್ಲಿ ಅದು ಹೊರಬಂದಿದೆ. ಅದು ಹಿಡಿದವರಿಗೆ ತಾವು ಬಯಸಿದ್ದರ ಮೇಲೆ ತೀರದ ಹಸಿವು. ಎಷ್ಟು ತಿಂದರೂ ಮೈ ಒಣಗುತ್ತ ಸಾಯುತ್ತಾರೆ. ಅದನ್ನು ಕಟ್ಟಿಹಾಕಲು ಇರುವುದು ಒಂದೇ ಉಪಾಯ: ಜೀವಂತ ಮನುಷ್ಯನೊಬ್ಬನ ಮೈಯೇ ಪಾತ್ರೆಯಾಗಬೇಕು. ಜಾನ್ ಆರಿಸುವುದು ಗ್ಯಾರಿಯನ್ನು. ಗ್ಯಾರಿಯನ್ನು ಕೇಳಿ ಅಲ್ಲ. ನಂಬಿ ಬಂದ ಗೆಳೆಯನನ್ನು ಒಪ್ಪಿಸಿ, ಅವನ ಕೂಗು ಕಿವಿಯಲ್ಲಿರುವಾಗಲೇ ಜಾನ್ ಅಲ್ಲಿಂದ ಹೊರಡುತ್ತಾನೆ. ಸರಣಿಯ ನಾಯಕನನ್ನು ಓದುಗರಿಗೆ ಪರಿಚಯಿಸಿದ ಬಗೆ ಇದು.

2014ರಲ್ಲಿ ಎನ್‌ಬಿಸಿ ವಾಹಿನಿಯ ‘ಕಾನ್‌ಸ್ಟಂಟೈನ್’ ಧಾರಾವಾಹಿ ತನ್ನ ನಾಲ್ಕನೇ ಕಂತಿನಲ್ಲಿ ಇದನ್ನೇ ಎತ್ತಿಕೊಂಡಿತು. ಗ್ಯಾರಿ ಈಗ ಅಟ್ಲಾಂಟಾ ವಿಮಾನ ನಿಲ್ದಾಣಕ್ಕೆ ಬಾಟಲಿಯೊಂದಿಗೆ ಬಂದಿಳಿಯುತ್ತಾನೆ. ಭೂತವೂ ಅದೇ, ಹಸಿವೂ ಅದೇ, ಪರಿಹಾರವೂ ಅದೇ. ಕೊನೆ ಮಾತ್ರ ಬೇರೆ. ಜಾನ್‌ನ ಉದ್ದೇಶವೇನೆಂದು ಗ್ಯಾರಿಗೆ ಅರ್ಥವಾಗುತ್ತದೆ, ಅರ್ಥವಾದ ಮೇಲೂ ಅವನು ಒಪ್ಪುತ್ತಾನೆ. ಬದುಕಿನಲ್ಲಿ ಒಮ್ಮೆಯಾದರೂ ಉಪಯೋಗಕ್ಕೆ ಬರುವ ಆಸೆ ಅವನದು. ಭೂತ ಒಳಗಿನಿಂದ ತಿನ್ನುತ್ತಿರುವಾಗ ಗ್ಯಾರಿ ಚೀರುತ್ತಾನೆ, ಜಾನ್ ಅವನ ಪಕ್ಕ ಬಿಟ್ಟು ಏಳುವುದಿಲ್ಲ. ಮ್ಯಾನಿ ಎಂಬ ದೇವದೂತ ಬಂದು ಮೌನವಾಗಿ ಜೊತೆ ನಿಲ್ಲುತ್ತಾನೆ.

ಎರಡೂ ನನ್ನನ್ನು ಅಲುಗಾಡಿಸಿವೆ. ಆದರೆ ಅವು ಅಲುಗಾಡಿಸುವ ಜಾಗ ಬೇರೆ ಬೇರೆ. ಟಿವಿಯ ಜಾನ್ ದುಃಖಿ. ಪಾಪ ಮಾಡಿ ಪಕ್ಕದಲ್ಲಿ ಕುಳಿತು ಅಳುವವನು, ಆದ್ದರಿಂದ ಅವನ ಮೇಲೆ ನಮಗೆ ಪ್ರೀತಿ ಉಳಿಯುತ್ತದೆ. ಕಾಮಿಕ್ಸ್‌ನ ಜಾನ್ ಅಷ್ಟು ಸುಲಭವಾಗಿ ಪ್ರೀತಿ ಕೇಳುವುದಿಲ್ಲ. ಇಂಥವನ ಬೆನ್ನು ಹತ್ತಿ ಇನ್ನೂ 298 ಸಂಚಿಕೆ ಹೋಗಬೇಕೇ ಎಂಬ ಪ್ರಶ್ನೆ ಓದುಗನ ಎದೆಯಲ್ಲೇ ಉಳಿಯುತ್ತದೆ. ಆ ಪ್ರಶ್ನೆ ನಿಮಗೆ ಹಿತವೆನಿಸಿದರೆ ಕಾಮಿಕ್ಸ್, ಮನಸ್ಸು ಭಾರವಾಯಿತೆನಿಸಿದರೆ ಧಾರಾವಾಹಿ. ಇಷ್ಟೇ ಹೇಳಿ ಮುಗಿಸಿದರೂ ಅರ್ಧ ಆಯ್ಕೆ ಆದಂತೆ.

ಧಾರಾವಾಹಿಯ ಬಗ್ಗೆ ಇನ್ನೊಂದೆರಡು ಮಾತು. ವೇಲ್ಸ್‌ನ ನಟ ಮ್ಯಾಟ್ ರಯಾನ್ ಕಾಮಿಕ್ಸ್ ಪುಟದಿಂದ ಎದ್ದು ಬಂದಂತಿದ್ದಾರೆ. ಹೊಂಬಣ್ಣದ ಕೂದಲು, ಕೋಟು, ನಿಲ್ಲುವ ಭಂಗಿ, ದನಿಯಲ್ಲಿನ ದಣಿವು, ಯಾವುದರಲ್ಲೂ ಕೊರತೆಯಿಲ್ಲ. ಕೊರತೆ ಇರುವುದು ಅವರ ಸುತ್ತ. ಅಮೆರಿಕದ ಮುಕ್ತ ಪ್ರಸಾರದ ವಾಹಿನಿಯಾದ್ದರಿಂದ ಸಿಗರೇಟು ಸೇದುವುದನ್ನು ತೋರಿಸಲು ಹಿಂಜರಿಕೆ. ಲೈಟರ್ ಕೈಯಲ್ಲಿ ಆಡುತ್ತದೆ, ತುಂಡು ಆರುತ್ತದೆ, ಹೊಗೆ ಮಾತ್ರ ಅಪರೂಪ. ಇದು ಬರಿಯ ವೇಷದ ವಿಷಯವಲ್ಲ. ಜಾನ್‌ನ ಅತಿ ಪ್ರಸಿದ್ಧ ಕಥೆ ಹುಟ್ಟುವುದೇ ಅವನ ಸಿಗರೇಟಿನಿಂದ. ಅಲ್ಲದೆ ಮೊದಲ ಕಂತಿನ ನಾಯಕಿಯನ್ನು ಕೈಬಿಟ್ಟು, ಎರಡನೇ ಕಂತಿನಿಂದ ಜೆಡ್ ಎಂಬ ಬೇರೆ ಪಾತ್ರವನ್ನು ತಂದರು. ಹಾಗಾಗಿ ಮೊದಲ ಎರಡು ಕಂತುಗಳಲ್ಲಿ ಹೊಲಿಗೆ ಕಾಣಿಸುತ್ತದೆ. ತಾಳ್ಮೆಯಿಂದ ನಾಲ್ಕನೆಯದಕ್ಕೆ ತಲುಪಿ. 2015ರ ಫೆಬ್ರುವರಿಯಲ್ಲಿ ಹದಿಮೂರನೇ ಕಂತಿಗೆ ಧಾರಾವಾಹಿ ನಿಂತುಹೋಯಿತು. ಎಳೆಗಳು ಬಿಡಿಸದೆಯೇ ಉಳಿದವು ಎಂಬುದನ್ನು ತಿಳಿದೇ ಕುಳಿತರೆ ನಿರಾಸೆ ಕಡಿಮೆ.

ಒಂದೇ ಕ್ಯಾನ್ಸರ್, ಎರಡು ಬಿಡುಗಡೆ: ಕಾಮಿಕ್ಸ್ ಮತ್ತು ಸಿನಿಮಾ

ಆ ಪ್ರಸಿದ್ಧ ಕಥೆ ‘ಡೇಂಜರಸ್ ಹ್ಯಾಬಿಟ್ಸ್’. ಹೆಲ್‌ಬ್ಲೇಜರ್‌ನ 41ರಿಂದ 46ನೇ ಸಂಚಿಕೆ, 1991. ಆಗಿನ್ನೂ ಇಪ್ಪತ್ತೊಂದರ ಆಸುಪಾಸಿನಲ್ಲಿದ್ದ ಐರಿಷ್ ಬರಹಗಾರ ಗಾರ್ತ್ ಎನಿಸ್ ಡೆಲಾನೊ ಅವರಿಂದ ಸರಣಿಯನ್ನು ವಹಿಸಿಕೊಂಡು ಬರೆದ ಮೊದಲ ಕಥೆ ಇದೇ. ದಿನಕ್ಕೆ ಮೂವತ್ತು ಸಿಗರೇಟು ಸುಡುವ ಜಾನ್‌ಗೆ ಶ್ವಾಸಕೋಶದ ಕ್ಯಾನ್ಸರ್. ಇದಕ್ಕೆ ಯಾವ ಮಂತ್ರವೂ ಇಲ್ಲ. ಸತ್ತರೆ ಎಲ್ಲಿಗೆ ಹೋಗುತ್ತೇನೆಂದು ಅವನಿಗೆ ಚೆನ್ನಾಗಿ ಗೊತ್ತು.

ಇದರಲ್ಲಿನ ಒಂದು ದೃಶ್ಯವನ್ನು ಹೇಳದೆ ಇರಲಾರೆ. ಜಾನ್ ಐರ್ಲೆಂಡಿನಲ್ಲಿರುವ ಬ್ರೆಂಡನ್ ಎಂಬ ಹಳೆಯ ಗೆಳೆಯನನ್ನು ಕಾಣಲು ಹೋಗುತ್ತಾನೆ, ಅವನಾದರೂ ಉಳಿಸಿಯಾನು ಎಂಬ ಆಸೆಯಿಂದ. ಆದರೆ ಬ್ರೆಂಡನ್ ಕುಡಿದು ಕುಡಿದು ಯಕೃತ್ತು ಹಾಳಾಗಿ ಸ್ವತಃ ಸಾವಿನ ಅಂಚಿನಲ್ಲಿದ್ದಾನೆ. ನೆಲಮಾಳಿಗೆಯಲ್ಲಿ ಪವಿತ್ರ ಜಲದ ಬಾವಿಯೊಂದಿದೆ. ಸುತ್ತ ಮೇಣದಬತ್ತಿ ಹಚ್ಚಿ ಮಂತ್ರ ಹಾಕಿ ಬ್ರೆಂಡನ್ ಆ ನೀರನ್ನು ಕಪ್ಪು ಬಿಯರ್ ಮಾಡಿಬಿಡುತ್ತಾನೆ. ಇಬ್ಬರೂ ಮನಸಾರೆ ಕುಡಿಯುತ್ತಾರೆ. ಬ್ರೆಂಡನ್ ಅಲ್ಲಿಯೇ ಪ್ರಾಣ ಬಿಡುತ್ತಾನೆ. ಒಳ್ಳೆಯ ಮದ್ಯದ ಸಂಗ್ರಹಕ್ಕಾಗಿ ಎಂದೋ ಆತ್ಮವನ್ನು ಮಾರಿಕೊಂಡಿದ್ದನಾದ್ದರಿಂದ ಅದನ್ನು ವಸೂಲು ಮಾಡಲು ನರಕದ ಒಡೆಯನೇ ಬರುತ್ತಾನೆ. ಜಾನ್ ಉಪಚಾರ ಮಾಡುತ್ತಾನೆ: ಗೆಳೆಯನ ಹೆಸರಿನಲ್ಲಿ ಒಂದು ಲೋಟ ಕುಡಿಯೋಣ ಬಾ. ಅವನು ಗಟಗಟನೆ ಕುಡಿಯುತ್ತಾನೆ. ಜಾನ್ ಮೇಣದಬತ್ತಿಗಳನ್ನು ಆರಿಸುತ್ತಾನೆ. ಹೊಟ್ಟೆಯೊಳಗಿನ ಬಿಯರ್ ಮತ್ತೆ ಪವಿತ್ರ ಜಲ. ಈ ಅವಮಾನ ಮರೆಯದ ಸೈತಾನ ಜಾನ್‌ನ ಸಾವನ್ನೇ ಕಾಯತೊಡಗುತ್ತಾನೆ. ಆಗ ಜಾನ್ ಮಾಡುವ ಕೆಲಸ ಇಡೀ ಸರಣಿಯ ಮೂರ್ತಿ: ನರಕವನ್ನು ಹಂಚಿಕೊಂಡಿರುವ ಇನ್ನಿಬ್ಬರು ಒಡೆಯರಿಗೂ ಗುಟ್ಟಾಗಿ ಅದೇ ಆತ್ಮವನ್ನು ಮಾರುತ್ತಾನೆ. ಒಂದು ಆತ್ಮ, ಮೂವರು ಹಕ್ಕುದಾರರು. ಅವನು ಸತ್ತರೆ ಮೂವರ ನಡುವೆ ಯುದ್ಧ ತಪ್ಪಿದ್ದಲ್ಲ, ಯುದ್ಧವಾದರೆ ನರಕ ಉಳಿಯುವುದಿಲ್ಲ. ಬೇರೆ ದಾರಿಯಿಲ್ಲದೆ ಅವರೇ ಅವನ ಕ್ಯಾನ್ಸರ್ ವಾಸಿ ಮಾಡಬೇಕಾಗುತ್ತದೆ.

ಫ್ರಾನ್ಸಿಸ್ ಲಾರೆನ್ಸ್ ನಿರ್ದೇಶನದ 2005ರ ಸಿನಿಮಾ ಈ ಕಥೆಯ ಎಲುಬುಗಳನ್ನು ಎತ್ತಿಕೊಂಡು ಬೇರೆ ಮೈ ಕಟ್ಟಿತು. ಲಂಡನ್ ಹೋಗಿ ಲಾಸ್ ಏಂಜಲೀಸ್ ಬಂತು, ಹೊಂಬಣ್ಣದ ಕೂದಲು ಹೋಗಿ ಕೀಯಾನು ರೀವ್ಸ್ ಅವರ ಕಪ್ಪು ಕೂದಲು ಬಂತು, ಇಂಗ್ಲಿಷ್ ಕಾರ್ಮಿಕನ ಒರಟು ಮಾತು ಹೋಗಿ ಗಂಭೀರ ಮೌನ ಬಂತು. ಅಭಿಮಾನಿಗಳ ದೂರು ಹೆಚ್ಚಾಗಿ ಇವುಗಳ ಮೇಲೆ. ನನ್ನ ದೂರು ಕೂದಲಿನ ಬಣ್ಣದ ಮೇಲಲ್ಲ, ಬಿಡುಗಡೆಯ ಮೇಲೆ. ಸಿನಿಮಾದಲ್ಲೂ ಜಾನ್ ಮಣಿಕಟ್ಟು ಕೊಯ್ದುಕೊಂಡು ಸಾವಿನ ಬಾಗಿಲಲ್ಲಿ ಸೈತಾನನನ್ನು ಕರೆಯುತ್ತಾನೆ. ಆದರೆ ಅಲ್ಲಿ ತನಗಾಗಿ ಏನೂ ಕೇಳುವುದಿಲ್ಲ. ಆತ್ಮಹತ್ಯೆ ಮಾಡಿಕೊಂಡು ನರಕ ಸೇರಿದ ಇಸಬೆಲ್ ಎಂಬವಳನ್ನು ಬಿಟ್ಟುಬಿಡು ಎನ್ನುತ್ತಾನೆ. ಆ ತ್ಯಾಗದಿಂದ ಸ್ವರ್ಗದ ಬಾಗಿಲು ತೆರೆಯುತ್ತದೆ, ಕೈಗೆ ಬಂದ ಬೇಟೆ ತಪ್ಪುತ್ತದೆಂದು ಸೈತಾನ ಅವನ ಎದೆಯೊಳಗೆ ಕೈ ಹಾಕಿ ಕ್ಯಾನ್ಸರನ್ನು ಕಿತ್ತೆಸೆಯುತ್ತಾನೆ, ಬದುಕಿ ಮತ್ತೆ ಪಾಪ ಮಾಡಲಿ ಎಂದು. ಕೊನೆಯಲ್ಲಿ ಜಾನ್ ಜೇಬಿನಿಂದ ತೆಗೆಯುವುದು ಸಿಗರೇಟಲ್ಲ, ಚೂಯಿಂಗ್ ಗಮ್. ಕಾಮಿಕ್ಸ್‌ನ ಜಾನ್ ಸಿಗರೇಟು ಬಿಡುವುದಿಲ್ಲ.

ಒಬ್ಬ ತ್ಯಾಗದಿಂದ ಪಾರಾದ, ಇನ್ನೊಬ್ಬ ವಂಚನೆಯಿಂದ ಪಾರಾದ. ಎರಡು ಬೇರೆ ಮನುಷ್ಯರು. ಹಾಗೆಂದು ಸಿನಿಮಾವನ್ನು ತಳ್ಳಿಹಾಕುವವನಲ್ಲ ನಾನು. ಟಿಲ್ಡಾ ಸ್ವಿಂಟನ್ ಅವರ ದೇವದೂತ ಗೇಬ್ರಿಯಲ್ ಮತ್ತು ಕೊನೆಯ ಕೆಲವೇ ನಿಮಿಷ ಬಂದು ಹೋಗುವ ಪೀಟರ್ ಸ್ಟಾರ್ಮೇರ್ ಅವರ ಬಿಳಿ ಉಡುಪಿನ ಸೈತಾನ, ಇವರಿಬ್ಬರಿಗಾಗಿಯೇ ಅದನ್ನು ಮತ್ತೆ ಮತ್ತೆ ನೋಡಬಹುದು. ಕಾಮಿಕ್ಸ್ ಅಭ್ಯಾಸವಿಲ್ಲದವರಿಗೆ, ಎರಡು ಗಂಟೆಯಲ್ಲಿ ಆದಿ ಅಂತ್ಯ ಎರಡೂ ಬೇಕೆನ್ನುವವರಿಗೆ ಸಿನಿಮಾ ಸರಿಯಾದ ಆಯ್ಕೆ.

ಕಾಮಿಕ್ಸ್ ಎಂದು ನಿಶ್ಚಯಿಸಿದ ಮೇಲೆ

ಇಲ್ಲಿ ನಿಜವಾದ ಕವಲುದಾರಿ ಇದೆ. ಜಾನ್ ಮೊದಲು ಕಾಣಿಸಿಕೊಂಡದ್ದು ಅಲನ್ ಮೂರ್ ಬರೆಯುತ್ತಿದ್ದ ‘ಸ್ವಾಂಪ್ ಥಿಂಗ್’ ಎಂಬ ಜೌಗುನೆಲದ ಜೀವಿಯ ಸರಣಿಯ 37ನೇ ಸಂಚಿಕೆಯಲ್ಲಿ, 1985ರ ಜೂನ್. ಚಿತ್ರಕಾರರಾದ ಸ್ಟೀಫನ್ ಬಿಸೆಟ್ ಮತ್ತು ಜಾನ್ ಟಾಟಲ್‌ಬೆನ್ ಅವರಿಗೆ ಗಾಯಕ ಸ್ಟಿಂಗ್‌ನಂಥ ಮುಖವೊಂದನ್ನು ಬರೆಯುವ ಆಸೆಯಿತ್ತು, ಆ ಮುಖಕ್ಕೆ ಮೂರ್ ಮನುಷ್ಯನನ್ನು ಕೊಟ್ಟರು. ಅಲ್ಲಿ ಜಾನ್ ಪೋಷಕ ಪಾತ್ರ. ಆದರೆ ಅವನ ಸ್ವಭಾವವೆಲ್ಲ ಅಲ್ಲಿಯೇ ಪಡಿಯಚ್ಚಾಗಿದೆ. 1986ರ 50ನೇ ಸಂಚಿಕೆಯಲ್ಲಿ ಅವನು ಮಾಂತ್ರಿಕರನ್ನೆಲ್ಲ ಒಂದು ಮೇಜಿನ ಸುತ್ತ ಕೈಹಿಡಿದು ಕೂರಿಸುತ್ತಾನೆ. ಏನಾದರೂ ಕೈ ಬಿಡಬಾರದು. ದೂರದ ಯುದ್ಧದ ಕಾವು ಆ ಕೈಗಳ ಮೂಲಕ ಹರಿಯತೊಡಗುತ್ತದೆ. ಮೊದಲು ಸಾರ್ಗಾನ್ ಎಂಬವನು ಕೂತಲ್ಲೇ ಉರಿದುಹೋಗುತ್ತಾನೆ. ನಂತರ ಬೆಂಕಿ ಜಟಾನಾ ಎಂಬ ತರುಣಿಯತ್ತ ತಿರುಗಿದಾಗ, ಪಕ್ಕದಲ್ಲಿದ್ದ ಅವಳ ತಂದೆ ಅದನ್ನು ತನ್ನ ಮೈಗೆ ಎಳೆದುಕೊಂಡು ಸುಟ್ಟು ಬೂದಿಯಾಗುತ್ತಾನೆ. ಆ ತಂದೆಯೇ ಜಟಾರಾ, 1938ರ ಎತ್ತರದ ಟೋಪಿಯ ಮಾಂತ್ರಿಕ. ಮಳೆಕೋಟಿನವನು ಬದುಕಿ ಉಳಿಯುತ್ತಾನೆ. ಒಂದು ಬಗೆಯ ಮಾಂತ್ರಿಕನ ಕಾಲ ಮುಗಿದು ಇನ್ನೊಂದು ಬಗೆಯವನ ಕಾಲ ಶುರುವಾಗುವುದನ್ನು ಇಷ್ಟು ಕ್ರೂರವಾಗಿ, ಇಷ್ಟು ಸ್ಪಷ್ಟವಾಗಿ ತೋರಿಸಿದ ಪುಟ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೂ ಆರಂಭಕ್ಕೆ ಇದನ್ನು ಹೇಳುವುದಿಲ್ಲ, ಏಕೆಂದರೆ ಅದು ಸ್ವಾಂಪ್ ಥಿಂಗ್‌ನ ಕಥೆ. ಅವನನ್ನು ಮೊದಲಿನಿಂದ ಓದದೆ ಆ ಸಂಚಿಕೆಯ ಭಾರ ತಿಳಿಯುವುದಿಲ್ಲ.

ಹೆಲ್‌ಬ್ಲೇಜರ್‌ನೊಳಗೆ ಡೆಲಾನೊ ಬೇಕೇ, ಎನಿಸ್ ಬೇಕೇ ಎಂಬುದು ಮುಂದಿನ ಪ್ರಶ್ನೆ. ಡೆಲಾನೊ ಬರೆದದ್ದು ಮಾರ್ಗರೆಟ್ ಥ್ಯಾಚರ್ ಆಳ್ವಿಕೆಯ ಬ್ರಿಟನ್ನಿನ ಮೇಲಿನ ಕೋಪದಿಂದ. ಮೂರನೇ ಸಂಚಿಕೆ ನಡೆಯುವುದೇ 1987ರ ಚುನಾವಣೆಯ ದಿನ, ಅಲ್ಲಿ ದೆವ್ವಗಳು ಆತ್ಮಗಳನ್ನು ಷೇರುಗಳಂತೆ ಕೊಂಡು ಮಾರುತ್ತವೆ. ಪುಟದ ತುಂಬ ಮಾತು, ಕವಿತೆಯಂಥ ಭಾರದ ಇಂಗ್ಲಿಷು. ಆ ದೇಶದ ಆ ಕಾಲ ಗೊತ್ತಿದ್ದವರಿಗೆ ಅದು ಬಂಗಾರ, ಗೊತ್ತಿಲ್ಲದವರಿಗೆ ಮೊದಲ ಹತ್ತು ಪುಟ ಏರುದಾರಿ. ಎನಿಸ್ ಸಂಭಾಷಣೆಯ ಬರಹಗಾರ, ಓದು ನೀರಿನಂತೆ ಹರಿಯುತ್ತದೆ. ನನ್ನ ಸಲಹೆ ಎನಿಸ್‌ನಿಂದ ಆರಂಭಿಸಿ, ಜಾನ್ ಹಿಡಿಸಿದರೆ ಡೆಲಾನೊಗೆ ಹಿಂದಿರುಗುವುದು. ಕೊಳ್ಳುವಾಗ ಒಂದು ಎಚ್ಚರ: ‘ಡೇಂಜರಸ್ ಹ್ಯಾಬಿಟ್ಸ್’ ಹೆಸರಿನ ಹಳೆಯ ಪುಸ್ತಕದಲ್ಲಿ ಈ ಆರು ಸಂಚಿಕೆಗಳಷ್ಟೇ ಇವೆ. ಹೊಸ ಆವೃತ್ತಿಯ ಐದನೇ ಸಂಪುಟಕ್ಕೂ ಅದೇ ಹೆಸರು, ಆದರೆ ಅದು 34ನೇ ಸಂಚಿಕೆಯಿಂದ ಶುರುವಾಗುತ್ತದೆ. ಹೊಸದನ್ನು ತೆರೆದು ಇದು ಬೇರೆ ಕಥೆಯೆಂದು ಕೆಳಗಿಟ್ಟವರನ್ನು ನಾನು ಬಲ್ಲೆ. ನೇರವಾಗಿ 41ಕ್ಕೆ ಹೋಗಿ.

ಉಳಿದವರ ಬಗ್ಗೆ ಚಿಕ್ಕದಾಗಿ. ಮೈಕ್ ಕೇರಿ ಬರೆದ 175ರಿಂದ 215ರವರೆಗಿನ ಸಂಚಿಕೆಗಳು ಬಿಗಿಯಾದ ಕಥೆಗಾರಿಕೆ ಬಯಸುವವರಿಗೆ. ಬ್ರಯಾನ್ ಅಜರೆಲ್ಲೊ ಜಾನ್‌ನನ್ನು ಅಮೆರಿಕದ ಜೈಲಿಗೆ ಹಾಕಿ ಆರಂಭಿಸುತ್ತಾರೆ, ಅಪರಾಧ ಕಥೆಯ ರುಚಿಯವರಿಗೆ ಅದು ಹಿಡಿಸೀತು, ನನಗೆ ಅಲ್ಲಿ ಲಂಡನ್ನಿನ ಮಳೆ ಇಲ್ಲದ ಕೊರಗು. 2013ರಲ್ಲಿ 300ಕ್ಕೆ ಸರಣಿ ಮುಗಿದ ಮೇಲೆ ಬಂದ ಸೂಪರ್‌ಹೀರೋ ಲೋಕದ ಜಾನ್ ತರುಣ, ಕೈಯಿಂದ ಬೆಳಕು ಚಿಮ್ಮಿಸುವವನು. ಅದನ್ನು ಬಿಟ್ಟರೂ ನಷ್ಟವಿಲ್ಲ. ಬಿಡಬಾರದ್ದು 2019ರ ಸೈಮನ್ ಸ್ಪರಿಯರ್ ಮತ್ತು ಆರನ್ ಕ್ಯಾಂಪ್‌ಬೆಲ್ ಅವರ ಹನ್ನೆರಡು ಸಂಚಿಕೆಗಳು. ಡೆಲಾನೊ ತನ್ನ ಕಾಲದ ಬ್ರಿಟನ್ನಿಗೆ ಮಾಡಿದ್ದನ್ನು ಇವರು ಬ್ರೆಕ್ಸಿಟ್ ಕಾಲದ ಬ್ರಿಟನ್ನಿಗೆ ಮಾಡಿದ್ದಾರೆ. ಹಳೆಯದೆಂದರೆ ದೂರ ಸರಿಯುವ ಓದುಗರಿಗೆ ಇದೇ ಒಳ್ಳೆಯ ಬಾಗಿಲು.

ಅಸ್ಟ್ರಾ ಎಂಬ ಮಗು

ಜಾನ್‌ನ ಹಲವು ರೂಪಗಳಲ್ಲಿ ಹಿಂಬಾಲಿಸುವ ಹೆಸರೊಂದಿದೆ, ಇಂಗ್ಲೆಂಡಿನ ನಗರ ನ್ಯೂಕ್ಯಾಸಲ್. ತರುಣ ಜಾನ್ ಗೆಳೆಯರನ್ನು ಕಟ್ಟಿಕೊಂಡು ಅಲ್ಲಿ ಒಂದು ಭೂತವನ್ನು ಹೊಡೆಯಲು ಇನ್ನೂ ದೊಡ್ಡ ಭೂತವನ್ನು ಕರೆದ. ಅಸ್ಟ್ರಾ ಎಂಬ ಪುಟ್ಟ ಹುಡುಗಿ ನರಕಕ್ಕೆ ಸೆಳೆಯಲ್ಪಟ್ಟಳು. ಹೆಲ್‌ಬ್ಲೇಜರ್‌ನ 11ನೇ ಸಂಚಿಕೆಯಲ್ಲಿ ಇದು ಪೂರ್ತಿಯಾಗಿ ಬರುತ್ತದೆ, ಸೂಕ್ಷ್ಮ ಮನಸ್ಸಿನವರು ಗಟ್ಟಿ ಮಾಡಿಕೊಂಡೇ ಓದಬೇಕು. ಎನ್‌ಬಿಸಿ ಧಾರಾವಾಹಿ ಶುರುವಾಗುವುದೇ ಈ ನೆನಪಿನಿಂದ ಪಾರಾಗಲು ಜಾನ್ ಮಾನಸಿಕ ಆಸ್ಪತ್ರೆಗೆ ತಾನಾಗಿ ಸೇರಿಕೊಂಡಿರುವಲ್ಲಿ.

ಧಾರಾವಾಹಿ ನಿಂತ ಮೇಲೂ ಮ್ಯಾಟ್ ರಯಾನ್ ಪಾತ್ರವನ್ನು ಬಿಡಲಿಲ್ಲ. 2015ರಲ್ಲಿ ‘ಆರೋ’ ಧಾರಾವಾಹಿಯ ಒಂದು ಕಂತಿಗೆ ಬಂದರು, ನಂತರ ‘ಲೆಜೆಂಡ್ಸ್ ಆಫ್ ಟುಮಾರೊ’ದಲ್ಲಿ 2018ರಿಂದ ಖಾಯಂ ಆದರು. ಇದು ಕಾಲಯಾನಿಗಳ ನಗೆಯ ಧಾರಾವಾಹಿ, ಮಂತ್ರದ ಬೆಲೆ ಇಲ್ಲಿ ಬಹಳ ಅಗ್ಗ. ಆದರೆ ಎರಡು ಕಾರಣಕ್ಕೆ ನನಗೆ ಇದು ಪ್ರಿಯ. ಜಾನ್‌ಗೆ ಗಂಡಸರ ಮೇಲೂ ಪ್ರೀತಿ ಉಂಟೆಂದು ಕಾಮಿಕ್ಸ್ 1992ರಲ್ಲೇ ಹೇಳಿತ್ತು, ಎನ್‌ಬಿಸಿ ಆ ಕಡೆ ಹೋಗಿರಲಿಲ್ಲ. ಇಲ್ಲಿ ಡೆಸ್ಮಂಡ್ ಎಂಬ ಪ್ರೇಮಿ ಇದ್ದಾನೆ, ಅವನನ್ನು ಕಳೆದುಕೊಂಡ ನೋವೂ ಇದೆ. ಎರಡನೆಯದು, ಅಸ್ಟ್ರಾ ಇಲ್ಲಿ ನರಕದಲ್ಲಿ ಬೆಳೆದು ದೊಡ್ಡವಳಾಗಿ, ತನ್ನನ್ನು ಅಲ್ಲಿಗೆ ಕಳುಹಿಸಿದವನ ಎದುರು ಬಂದು ನಿಲ್ಲುತ್ತಾಳೆ. ನೆನಪಾಗಿದ್ದ ಮಗುವಿಗೆ ಬಾಯಿ ಬರುತ್ತದೆ, ಬೇಡಿಕೆ ಬರುತ್ತದೆ, ಮುಂದೆ ಅವನ ಮನೆಯಲ್ಲೇ ಒಂದು ಕೋಣೆಯೂ ಬರುತ್ತದೆ. ಮನೆಮಂದಿಯೊಂದಿಗೆ ಕುಳಿತು ನೋಡಬಹುದಾದ ಜಾನ್ ಬೇಕೆಂದರೆ ಇವನೇ ಹತ್ತಿರದವನು.

ಅನಿಮೇಷನ್‌ನಲ್ಲಿ ರಯಾನ್ ಅವರದೇ ದನಿಯಿರುವ 2018ರ ‘ಸಿಟಿ ಆಫ್ ಡೀಮನ್ಸ್’ ಒಂದು ಸಾಕು. ಗೆಳೆಯ ಚಾಸ್‌ನ ಮಗಳನ್ನು ಉಳಿಸುವ ಕಥೆ. ಕೊನೆಯಲ್ಲಿ ಜಾನ್ ತೆರುವ ಬೆಲೆ ಕಾಮಿಕ್ಸ್‌ನ ತೂಕದ್ದೇ. ಮಕ್ಕಳಿಗೆ ಖಂಡಿತ ಅಲ್ಲ.

ಒಂದೇ ಒಂದು ಗಂಟೆ ಬಿಡುವಿದ್ದು, ಈ ಮಾಂತ್ರಿಕ ನಮಗೆ ಒಗ್ಗುತ್ತಾನೋ ಇಲ್ಲವೋ ಎಂದು ನೋಡಬೇಕಾದರೆ? ಅಂಥವರಿಗೆ ನಾನು ಹೇಳುವುದು 2022ರ ‘ದಿ ಸ್ಯಾಂಡ್‌ಮನ್’ ಧಾರಾವಾಹಿಯ ಮೂರನೇ ಕಂತು. ಅಲ್ಲಿರುವುದು ಜಾನ್ ಅಲ್ಲ, ಜೆನ್ನಾ ಕೋಲ್‌ಮನ್ ಅಭಿನಯದ ಜೊಹಾನಾ. ಆದರೆ ಕೋಟು, ಮಾತಿನ ಹರಿತ, ತೊರೆದು ಬಂದ ಪ್ರೇಮ, ನ್ಯೂಕ್ಯಾಸಲ್‌ನ ಕೆಟ್ಟ ಕನಸು ಎಲ್ಲವೂ ಇವೆ. ತಾನು ಬಿಟ್ಟು ಬಂದ ರೇಚಲ್ ಎಂಬವಳು ತನ್ನದೇ ವಸ್ತುವೊಂದರಿಂದ ಸಾಯುತ್ತಿರುವುದನ್ನು ಅವಳು ಹಾಸಿಗೆಯ ಪಕ್ಕ ನಿಂತು ನೋಡುತ್ತಾಳೆ. ಆ ಮುಖ ನಿಮ್ಮನ್ನು ಹಿಡಿದರೆ ಮರುದಿನವೇ ‘ಡೇಂಜರಸ್ ಹ್ಯಾಬಿಟ್ಸ್’ ತೆರೆಯಿರಿ.

ಅದನ್ನು ಮುಗಿಸಿದವರು ಮುಂದೆ 63ನೇ ಸಂಚಿಕೆಯನ್ನು ಹುಡುಕಿ. ಹೆಲ್‌ಬ್ಲೇಜರ್‌ನಲ್ಲಿ ಕಾಲ ನಿಲ್ಲುವುದಿಲ್ಲ, 1953ರ ಮೇ 10ರಂದು ಹುಟ್ಟಿದ ಜಾನ್ ನಮ್ಮೊಂದಿಗೇ ವರ್ಷ ವರ್ಷ ಮುದುಕನಾಗುತ್ತಾನೆ. 1993ರ ಈ ಸಂಚಿಕೆ ಅವನಿಗೆ ನಲವತ್ತು ತುಂಬುವ ರಾತ್ರಿ. ಬದುಕಿ ಉಳಿದ ಸ್ನೇಹಿತರು ಅವನಿಗೆ ಹೇಳದೆ ಕೇಳದೆ ಮನೆಗೆ ಬಂದಿದ್ದಾರೆ, ಕುಡಿಯುತ್ತಿದ್ದಾರೆ, ನಗುತ್ತಿದ್ದಾರೆ. ಆ ಗುಂಪಿನಲ್ಲಿ ಜಟಾನಾಳೂ ಇದ್ದಾಳೆ.